ಸಹಕಾರಿ ಬ್ಯಾಂಕಿನ ಬಲಾಬಲ: ಠೇವಣಿದಾರ ಕೇಳಬೇಕಾದ ಲೆಕ್ಕ

ಊರಿನ ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿ ಸಾಲ ಕೇಳಿ ನೋಡಿ. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಮನೆಯ ಖಾತೆ ಪತ್ರ, ಇ.ಸಿ., ಇಬ್ಬರು ಜಾಮೀನುದಾರರು, ಅವರ ಸಂಬಳದ ಚೀಟಿ, ಎಲ್ಲವೂ ಬೇಕು. ಅದೇ ಕೌಂಟರಿಗೆ ಐದು ಲಕ್ಷ ಠೇವಣಿ ಇಡಲು ಹೋದವರು ಕೇಳುವುದು ಒಂದೇ ಪ್ರಶ್ನೆ: "ಬಡ್ಡಿ ಎಷ್ಟು ಕೊಡ್ತೀರಿ?" ಉತ್ತರ ಹಿಡಿಸಿದರೆ ಅಲ್ಲೇ ಫಾರಂ ತುಂಬುತ್ತಾರೆ.

ಕಾನೂನಿನ ದೃಷ್ಟಿಯಲ್ಲಿ ಈ ಎರಡೂ ವ್ಯವಹಾರ ಒಂದೇ ಜಾತಿಯವು. ಠೇವಣಿ ಇಡುವುದೆಂದರೆ ಬ್ಯಾಂಕಿಗೆ ಸಾಲ ಕೊಡುವುದು, ಅದೂ ಯಾವ ಅಡಮಾನವೂ ಇಲ್ಲದೆ, ಜಾಮೀನುದಾರರೂ ಇಲ್ಲದೆ. ಸಾಲಗಾರನ ಬಗ್ಗೆ ಬ್ಯಾಂಕು ತೋರಿಸುವ ಅನುಮಾನದಲ್ಲಿ ಕಾಲುಪಾಲನ್ನಾದರೂ ಠೇವಣಿದಾರ ಬ್ಯಾಂಕಿನ ಬಗ್ಗೆ ತೋರಿಸಬೇಡವೇ? ತೋರಿಸಬೇಕು ಎಂದಾದರೆ ಏನನ್ನು ನೋಡಬೇಕು, ಎಲ್ಲಿ ನೋಡಬೇಕು, ನೋಡಿದ್ದರಲ್ಲಿ ಎಷ್ಟನ್ನು ನಂಬಬೇಕು? ನಮ್ಮ ನಗರ, ತಾಲ್ಲೂಕು ಕೇಂದ್ರಗಳ ಸಣ್ಣ ಸಹಕಾರಿ ಬ್ಯಾಂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಪರಿಚಯದ ನಂಬಿಕೆ ಎಲ್ಲಿಂದ ಬಂತು

ಸಹಕಾರಿ ಬ್ಯಾಂಕಿನ ಮೇಲೆ ನಮ್ಮವರಿಗಿರುವ ಭರವಸೆಗೆ ನೂರಿಪ್ಪತ್ತು ವರ್ಷಗಳ ಹಿನ್ನೆಲೆಯಿದೆ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ 1904ರಲ್ಲಿ ಬಂತು. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. 1906ರ ಫೆಬ್ರವರಿಯಲ್ಲಿ ಗೋಕಾಕ ಅರ್ಬನ್ ಮತ್ತು ಬೆಳಗಾವಿ ಪಯೋನಿಯರ್ ಸಂಘಗಳು ನೋಂದಣಿಯಾದವು. ಲೇವಾದೇವಿಗಾರರ ಬಡ್ಡಿಯಿಂದ ಪಾರಾಗಲು ಸಾಮಾನ್ಯ ಜನ ತಾವೇ ಕಟ್ಟಿಕೊಂಡ ಸಂಸ್ಥೆಗಳಿವು.

ಆ ಕಾಲದ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸಾಲ ತೀರಿಸಲು ಸದಸ್ಯನ ಸ್ವಂತ ಆಸ್ತಿಗೂ ಕೈಹಾಕಬಹುದಿತ್ತು. ಹಾಗಾಗಿ ಯಾರಿಗೆ ಸಾಲ ಹೋಗುತ್ತಿದೆ, ಎತ್ತು ಕೊಳ್ಳುತ್ತೇನೆಂದು ತೆಗೆದ ಹಣ ಮದುವೆಗೆ ಹೋಯಿತೇ ಎಂಬುದರ ಮೇಲೆ ಇಡೀ ಊರೇ ಕಣ್ಣಿಟ್ಟಿರುತ್ತಿತ್ತು. ನಂಬಿಕೆಯ ಹಿಂದೆ ಕಾವಲು ಇತ್ತು, ಕಾವಲಿನ ಹಿಂದೆ ಸ್ವಂತ ಜಮೀನಿನ ಭಯ ಇತ್ತು.

ಇಂದಿನ ಪಟ್ಟಣ ಬ್ಯಾಂಕಿನಲ್ಲಿ ಸದಸ್ಯನ ಹೊಣೆ ಅವನ ಷೇರಿನ ಮೊತ್ತಕ್ಕೆ ಸೀಮಿತ. ಠೇವಣಿದಾರರಲ್ಲಿ ಬಹಳ ಮಂದಿ ಮತ ಹಾಕುವ ಸದಸ್ಯರೇ ಅಲ್ಲ. ಸಾಲ ಪಡೆದವರು ಯಾರೆಂಬುದು ನೆರೆಯವರಿಗೆ ತಿಳಿಯುವುದಿಲ್ಲ. ಹಳೆಯ ಕಾವಲು ಹೋಗಿದೆ, ಆ ಕಾವಲಿನಿಂದ ಹುಟ್ಟಿದ ನಂಬಿಕೆ ಮಾತ್ರ ಉಳಿದಿದೆ. "ಅಧ್ಯಕ್ಷರು ನಮ್ಮ ಬೀದಿಯವರೇ", "ಮ್ಯಾನೇಜರು ನಮ್ಮ ಸಮಾಜದವರು", "ನಮ್ಮಪ್ಪನ ಕಾಲದಿಂದ ಖಾತೆ ಇದೆ" ಎಂಬ ಮಾತುಗಳು ಸುಳ್ಳಲ್ಲ. ಆದರೆ ಅವು ಬ್ಯಾಂಕಿನ ಆರ್ಥಿಕ ಬಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪರಿಚಯ ಮಾಡುತ್ತಿದ್ದ ಕೆಲಸವನ್ನು ಈಗ ಕಾಗದಪತ್ರ ಮಾಡಬೇಕಾಗಿದೆ.

ಮೊದಲು ನೋಡಬೇಕಾದದ್ದು ಪರವಾನಗಿ

ಲೆಕ್ಕಕ್ಕಿಳಿಯುವ ಮೊದಲು ಇದು ನಿಜಕ್ಕೂ ಬ್ಯಾಂಕೇ ಎಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಬೀದಿಯಲ್ಲಿ ಮೂರು ಫಲಕಗಳಿರುತ್ತವೆ: ಪಟ್ಟಣ ಸಹಕಾರಿ ಬ್ಯಾಂಕು, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ. ಮೂರೂ ಕಡೆ ಕಂಪ್ಯೂಟರು, ಪಾಸ್‌ಬುಕ್, ಪಿಗ್ಮಿ ಏಜೆಂಟು, ಲಾಕರು. ಒಳಗೆ ಕಾಲಿಟ್ಟವರಿಗೆ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ರಿಸರ್ವ್ ಬ್ಯಾಂಕಿನ ಪರವಾನಗಿಯಲ್ಲಿ.

ಪತ್ತಿನ ಸಹಕಾರ ಸಂಘ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನಡೆಯುತ್ತದೆ. ಸೌಹಾರ್ದ ಸಹಕಾರಿ 1997ರ ಸೌಹಾರ್ದ ಕಾಯ್ದೆಯಡಿ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹರಡಿರುವ ಸಂಘ ಕೇಂದ್ರದ ಬಹುರಾಜ್ಯ ಸಹಕಾರ ಕಾಯ್ದೆಯಡಿ ಬರುತ್ತದೆ. ಇವುಗಳಲ್ಲಿ ಎಷ್ಟೋ ಸಂಘಗಳು ಶಿಸ್ತಿನಿಂದ ನಡೆಯುತ್ತಿವೆ. ಆದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದಿದ್ದರೆ ಅಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಇಲ್ಲ. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಡೆಸುವ ತಪಾಸಣೆಯೂ ಅಲ್ಲಿಗೆ ಬರುವುದಿಲ್ಲ. ಕೆಲವು ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಎಂದು ಸೇರಿಸಿಕೊಂಡು ಸದಸ್ಯರಲ್ಲದವರಿಂದಲೂ ಠೇವಣಿ ಪಡೆಯುತ್ತಿವೆ ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು.

ಇನ್ನೊಂದು ಗೊಂದಲವೂ ಇದೆ. ಹೆಸರಿನಲ್ಲಿ 'ಸೌಹಾರ್ದ' ಇದ್ದೂ ಪರವಾನಗಿ ಪಡೆದ ಬ್ಯಾಂಕುಗಳಿವೆ. ಆದ್ದರಿಂದ ಫಲಕ ಓದಿ ತೀರ್ಮಾನಿಸಲಾಗದು. ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ, ಅಂದರೆ ಡಿಐಸಿಜಿಸಿಯ, ಜಾಲತಾಣದಲ್ಲಿ ವಿಮೆಗೊಳಪಟ್ಟ ಬ್ಯಾಂಕುಗಳ ಪಟ್ಟಿ ಇದೆ. ಹೆಸರು ಅಲ್ಲಿ ಇರಬೇಕು. ಇಲ್ಲದಿದ್ದರೆ ಮುಂದಿನ ಪರೀಕ್ಷೆಗಳ ಅಗತ್ಯವೇ ಬೀಳುವುದಿಲ್ಲ. ಏಕೆಂದರೆ ಅಲ್ಲಿಡುವ ಹಣದ ಅಪಾಯವೇ ಬೇರೆ ಬಗೆಯದು, ಅದನ್ನು ಬ್ಯಾಂಕಿನ ಠೇವಣಿಯೊಂದಿಗೆ ಹೋಲಿಸಲೇಬಾರದು.

ವಾರ್ಷಿಕ ವರದಿಯ ಹಿಂದಿನ ಪುಟಗಳು

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಸರ್ವ ಸದಸ್ಯರ ಸಭೆಗಳ ಕಾಲ. ಸದಸ್ಯರಿಗೆ ಒಂದು ಪುಸ್ತಿಕೆ ಬರುತ್ತದೆ. ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಭಾಷಣ, ನಿರ್ದೇಶಕರ ಭಾವಚಿತ್ರ, ಪ್ರತಿಭಾ ಪುರಸ್ಕಾರದ ಫೋಟೊ. 'ಬ್ಯಾಂಕು ನಡೆದು ಬಂದ ದಾರಿ' ಎಂಬ ಪಟ್ಟಿಯಲ್ಲಿ ಠೇವಣಿ, ಸಾಲ, ಲಾಭ ಎಲ್ಲವೂ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರುತ್ತವೆ. ಹೆಚ್ಚಿನವರು ಓದುವುದು ಅಷ್ಟನ್ನೇ, ಜೊತೆಗೆ ಡಿವಿಡೆಂಡ್ ಶೇಕಡಾ ಎಷ್ಟು ಎಂಬುದನ್ನು. ಬ್ಯಾಂಕಿನ ಆರೋಗ್ಯ ಇರುವುದು ಹಿಂದಿನ ಪುಟಗಳಲ್ಲಿ: ಅಢಾವೆ ಪತ್ರಿಕೆ, ಲಾಭ ನಷ್ಟ ತಃಖ್ತೆ, ಲೆಕ್ಕಪರಿಶೋಧಕರ ವರದಿ, ಅದರ ಕೆಳಗಿನ ಟಿಪ್ಪಣಿ.

ಠೇವಣಿ ಹೆಚ್ಚಿರುವುದು ಬಲದ ಗುರುತಲ್ಲ, ಅದು ಬ್ಯಾಂಕು ಮಾಡಿರುವ ಸಾಲ. ಬಲ ಇರುವುದು ಸ್ವಂತ ಬಂಡವಾಳದಲ್ಲಿ, ಅಂದರೆ ಷೇರು ಬಂಡವಾಳ ಮತ್ತು ಮೀಸಲು ನಿಧಿಗಳಲ್ಲಿ. ಕೊಟ್ಟ ಸಾಲ ಮುಳುಗಿದಾಗ ಮೊದಲು ಕರಗಬೇಕಾದದ್ದು ಈ ಹಣ. ಇದು ಮುಗಿದ ಮೇಲೆ ಕರಗುವುದು ಠೇವಣಿ. ಅಪಾಯದ ತೂಕ ಹಾಕಿದ ಆಸ್ತಿಗೆ ಸ್ವಂತ ಬಂಡವಾಳ ಶೇಕಡಾ ಎಷ್ಟಿದೆ ಎಂಬುದೇ ಸಿಆರ್‌ಎಆರ್. ರಿಸರ್ವ್ ಬ್ಯಾಂಕು 2022ರ ಡಿಸೆಂಬರ್‌ನಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ನಾಲ್ಕು ಶ್ರೇಣಿ ಮಾಡಿತು. ಠೇವಣಿ 100 ಕೋಟಿ ರೂಪಾಯಿವರೆಗಿನವು, ಒಂದೇ ಶಾಖೆಯವು ಮತ್ತು ನೌಕರರ ಬ್ಯಾಂಕುಗಳು ಮೊದಲ ಶ್ರೇಣಿ. 1,000 ಕೋಟಿವರೆಗೆ ಎರಡನೆಯದು, 10,000 ಕೋಟಿವರೆಗೆ ಮೂರನೆಯದು, ಅದಕ್ಕೂ ಮೇಲ್ಪಟ್ಟವು ನಾಲ್ಕನೆಯದು. ಮೊದಲ ಶ್ರೇಣಿಗೆ ಕನಿಷ್ಠ ಸಿಆರ್‌ಎಆರ್ ಶೇ 9. ಉಳಿದವು ಹಂತಹಂತವಾಗಿ ಏರಿಸಿಕೊಂಡು 2026ರ ಮಾರ್ಚ್ ಕೊನೆಗೆ ಶೇ 12 ಮುಟ್ಟಬೇಕು ಎಂದಾಯಿತು. ಆಗಲೇ ಹೊರಡಿಸಿದ 'ಆರ್ಥಿಕವಾಗಿ ಸದೃಢ, ಸುವ್ಯವಸ್ಥಿತ' ಬ್ಯಾಂಕಿನ ಮಾನದಂಡದಲ್ಲಿ ಕನಿಷ್ಠಕ್ಕಿಂತ ಒಂದು ಅಂಶವಾದರೂ ಹೆಚ್ಚು ಸಿಆರ್‌ಎಆರ್, ಶೇ 3 ಮೀರದ ನಿವ್ವಳ ಎನ್‌ಪಿಎ, ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಲಾಭ ಇರಬೇಕೆಂಬ ಷರತ್ತುಗಳಿದ್ದವು. ಸಾಮಾನ್ಯ ಓದುಗ ಅಳತೆಗೋಲಾಗಿ ಇಟ್ಟುಕೊಳ್ಳಲು ಇವು ಸಾಕು. ಇನ್ನೊಂದು ತುದಿಯೂ ಗೊತ್ತಿರಲಿ: ನಿವ್ವಳ ಎನ್‌ಪಿಎ ಶೇ 6 ದಾಟಿದರೆ, ಅಥವಾ ಸತತ ಎರಡು ವರ್ಷ ನಷ್ಟವಾದರೆ, 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತ್ವರಿತ ಸರಿಪಡಿಕೆ ಚೌಕಟ್ಟಿನಡಿ ಎರಡನೇ ಶ್ರೇಣಿ ಮತ್ತು ಅದಕ್ಕಿಂತ ಮೇಲಿನ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕು ಕಡಿವಾಣ ಹಾಕಬಹುದು.

ಎನ್‌ಪಿಎ ಎಂದರೆ ಸಾಮಾನ್ಯವಾಗಿ 90 ದಿನ ಮೀರಿ ಬಡ್ಡಿ ಅಥವಾ ಕಂತು ಬಾರದೆ ನಿಂತ ಸಾಲ. 'ಒಟ್ಟು' ಮತ್ತು 'ನಿವ್ವಳ' ಎಂಬ ಎರಡು ಅಂಕಿಗಳ ನಡುವೆ ಏನು ಅಡಗಿರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಇಲ್ಲಿನ ಎರಡು ಬ್ಯಾಂಕುಗಳೂ ಕಲ್ಪಿತ.

ಎರಡಕ್ಕೂ ಠೇವಣಿ 150 ಕೋಟಿ, ಸಾಲ 96 ಕೋಟಿ, ಸ್ವಂತ ಬಂಡವಾಳ 12 ಕೋಟಿ. ಎರಡರಲ್ಲೂ ಬಾರದೆ ನಿಂತ ಸಾಲ 8.64 ಕೋಟಿ, ಅಂದರೆ ಒಟ್ಟು ಎನ್‌ಪಿಎ ಸರಿಯಾಗಿ ಶೇ 9. ಮೊದಲ ಬ್ಯಾಂಕು ಈ ಸಾಲ ಮುಳುಗಬಹುದೆಂದು ವರ್ಷಗಳಿಂದ 5.76 ಕೋಟಿ ಎತ್ತಿಟ್ಟಿದೆ. ಉಳಿದದ್ದು 2.88 ಕೋಟಿ, ನಿವ್ವಳ ಎನ್‌ಪಿಎ ಸುಮಾರು ಶೇ 3.2. ಈ ವರ್ಷದ ಲಾಭ 80 ಲಕ್ಷ. ಎರಡನೆಯದು ಎತ್ತಿಟ್ಟದ್ದು 1.5 ಕೋಟಿ ಮಾತ್ರ. ಉಳಿದದ್ದು 7.14 ಕೋಟಿ, ನಿವ್ವಳ ಎನ್‌ಪಿಎ ಸುಮಾರು ಶೇ 7.6. ಆದರೆ ಈ ವರ್ಷದ ಲಾಭ ಒಂದೂವರೆ ಕೋಟಿ! ಸಭೆಯಲ್ಲಿ ಚಪ್ಪಾಳೆ ಬೀಳುವುದು ಎರಡನೆಯದಕ್ಕೆ, ಹೆಚ್ಚು ಡಿವಿಡೆಂಡ್ ಬರುವುದೂ ಅಲ್ಲೇ.

ಈಗ ಎರಡನೆಯದು ಮೊದಲನೆಯದರಷ್ಟೇ ಎತ್ತಿಡಬೇಕಾಗಿತ್ತು ಎಂದುಕೊಳ್ಳಿ. ಇನ್ನೂ 4.26 ಕೋಟಿ ಲಾಭದಿಂದಲೇ ಬರಬೇಕು. ಒಂದೂವರೆ ಕೋಟಿ ಲಾಭ ಆ ಕ್ಷಣವೇ 2.76 ಕೋಟಿ ನಷ್ಟವಾಗುತ್ತದೆ. ಬಾರದ ಸಾಲದ ಉಳಿಕೆಯನ್ನು ಸ್ವಂತ ಬಂಡವಾಳದ ಪಕ್ಕದಲ್ಲಿಟ್ಟರೆ ಚಿತ್ರ ಇನ್ನೂ ಸ್ಪಷ್ಟ. ಮೊದಲನೆಯದರಲ್ಲಿ 12 ಕೋಟಿಯ ಕಾಲುಪಾಲು ಅಪಾಯದಲ್ಲಿದೆ, ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು. ಲಾಭ ಎಷ್ಟು ಎಂಬ ಪ್ರಶ್ನೆಗಿಂತ ಮುಳುಗುವ ಸಾಲಕ್ಕೆ ಎಷ್ಟು ಎತ್ತಿಟ್ಟ ಮೇಲಿನ ಲಾಭ ಎಂಬ ಪ್ರಶ್ನೆ ಮುಖ್ಯವಾಗುವುದು ಇದಕ್ಕೇ.

ಇನ್ನು ಮೂರು ಸಾಲುಗಳ ಮೇಲೆ ಕಣ್ಣಾಡಿಸಬೇಕು. ಒಂದು, ಆಸ್ತಿಯ ಕಡೆ ಬರೆಯುವ 'ಬರಬೇಕಾದ ಬಡ್ಡಿ'. ಸಾಲ ಶೇ 5 ಬೆಳೆದು ಬರಬೇಕಾದ ಬಡ್ಡಿ ಶೇ 40 ಬೆಳೆದಿದ್ದರೆ ಬಡ್ಡಿ ಪುಸ್ತಕಕ್ಕೆ ಬರುತ್ತಿದೆ, ಪೆಟ್ಟಿಗೆಗೆ ಬರುತ್ತಿಲ್ಲ ಎಂದರ್ಥ. ಎರಡು, ಸಾಲ ಠೇವಣಿ ಅನುಪಾತ. ಮೇಲಿನ ಬ್ಯಾಂಕುಗಳಲ್ಲಿ ಅದು ಶೇ 64. ಪಟ್ಟಣ ಸಹಕಾರಿ ಬ್ಯಾಂಕುಗಳು ಠೇವಣಿ ಇತ್ಯಾದಿ ಹೊಣೆಯ ಶೇ 18ನ್ನು ಸರ್ಕಾರಿ ಸಾಲಪತ್ರದಂಥ ಕಡೆ ಇಡಲೇಬೇಕು. ಅದರ ಮೇಲೆ ನಗದು ಮೀಸಲೂ ಉಂಟು. ಅನುಪಾತ 80ರ ಮೇಲೆ ಹೋಗುತ್ತಿದ್ದರೆ ಠೇವಣಿ ವಾಪಸು ಕೇಳುವವರು ಹೆಚ್ಚಾದಾಗ ಕೈ ಕಟ್ಟಿಹೋಗಬಹುದು. 40ಕ್ಕಿಂತ ಕೆಳಗಿದ್ದರೆ ಸಾಲ ಕೊಡಲು ಬ್ಯಾಂಕಿಗೇ ಧೈರ್ಯವಿಲ್ಲ ಅಥವಾ ಗಿರಾಕಿಯಿಲ್ಲ, ಗಳಿಕೆ ಕುಗ್ಗುತ್ತದೆ. ಮೂರು, ಲೆಕ್ಕಪರಿಶೋಧಕರ ಟಿಪ್ಪಣಿ. ಆಡಿಟ್ ವರ್ಗ 'ಎ' ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿರುತ್ತದೆ. 'ಈ ಅಂಶಗಳಿಗೆ ಒಳಪಟ್ಟು' ಎಂದು ಶುರುವಾಗುವ ಸಾಲು ಮಾತ್ರ ಸಣ್ಣಕ್ಷರದಲ್ಲಿರುತ್ತದೆ. ಓದಬೇಕಾದದ್ದು ಆ ಸಾಲನ್ನು.

ಒಂದೇ ವರ್ಷದ ಅಂಕಿ ಏನನ್ನೂ ಸಾಬೀತುಪಡಿಸದು. ಕನಿಷ್ಠ ಮೂರು ವರ್ಷದ ಪುಸ್ತಿಕೆ ಜೊತೆಗಿಟ್ಟು ನೋಡಬೇಕು. ಕಳೆದ ವರ್ಷ ಶೇ 9 ಇದ್ದ ಎನ್‌ಪಿಎ ಈ ವರ್ಷ ಶೇ 4ಕ್ಕಿಳಿದಿದ್ದರೆ ಸಂತೋಷ. ಆದರೆ ವಸೂಲಾಗಿ ಇಳಿಯಿತೋ, ಹಳೆಯ ಸಾಲ ತೀರಿಸಲು ಮಾರ್ಚ್ ತಿಂಗಳಲ್ಲಿ ಹೊಸ ಸಾಲ ಕೊಟ್ಟಿದ್ದರಿಂದ ಇಳಿಯಿತೋ ಎಂದು ಕೇಳದೆ ಸಂತೋಷಪಡಬಾರದು.

ಸಾಲ ಯಾರ ಕೈಯಲ್ಲಿದೆ

ಅಂಕಿಗಳ ಮಿತಿಯನ್ನು ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನಷ್ಟು ಕಟುವಾಗಿ ಕಲಿಸಿದ್ದು ಇನ್ನೊಂದಿಲ್ಲ. ಕರ್ನಾಟಕದಲ್ಲೂ ಶಾಖೆಗಳಿದ್ದ ಮುಂಬೈಯ ಈ ಬ್ಯಾಂಕು 2018–19ರ ವರದಿಯಲ್ಲಿ ತೋರಿಸಿದ ಸಿಆರ್‌ಎಆರ್ ಶೇ 12.62, ನಿವ್ವಳ ಎನ್‌ಪಿಎ ಶೇ 2.19, ಲಾಭ 99 ಕೋಟಿಗೂ ಹೆಚ್ಚು. ಮೇಲೆ ಹೇಳಿದ ಕನಿಷ್ಠ ಸಿಆರ್‌ಎಆರ್ ಮತ್ತು ನಿವ್ವಳ ಎನ್‌ಪಿಎ ಮಿತಿಯಲ್ಲಿ ಅಳೆದರೂ ಪಾಸಾಗುವ ಬ್ಯಾಂಕು. 2019ರ ಸೆಪ್ಟೆಂಬರ್ 23ರಂದು ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಖಾತೆದಾರರು ಮೊದಲಿಗೆ ತೆಗೆಯಬಹುದಾಗಿದ್ದ ಹಣ ಒಂದು ಸಾವಿರ ರೂಪಾಯಿ. ಒಂದೇ ಕಟ್ಟಡ ನಿರ್ಮಾಣ ಸಮೂಹ, ಎಚ್‌ಡಿಐಎಲ್, ಸುಮಾರು 6,500 ಕೋಟಿ ಸಾಲ ಪಡೆದಿತ್ತು. ಅದು ಬ್ಯಾಂಕಿನ ಒಟ್ಟು ಸಾಲದಲ್ಲಿ ಶೇ 70ಕ್ಕೂ ಹೆಚ್ಚು. ಅದನ್ನು ಮುಚ್ಚಿಡಲು 21 ಸಾವಿರಕ್ಕೂ ಹೆಚ್ಚು ನಕಲಿ ಖಾತೆಗಳನ್ನು ತೋರಿಸಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು.

ಇದು ಹೊಸ ರೋಗವೂ ಅಲ್ಲ. 2001ರಲ್ಲಿ ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು ಕುಸಿದದ್ದು ಷೇರು ದಲ್ಲಾಳಿ ಕೇತನ್ ಪಾರೇಖ್‌ಗೆ ಕೊಟ್ಟ ಸಾಲದಿಂದ. ಸಣ್ಣ ಬ್ಯಾಂಕು ಸಾವಿರಾರು ಸಣ್ಣ ಸಾಲಗಳಿಂದ ಮುಳುಗಿದ್ದು ಅಪರೂಪ. ಅದು ಮುಳುಗುವುದು ನಾಲ್ಕೈದು ದೊಡ್ಡ ಸಾಲಗಳಿಂದ. ತರಕಾರಿ ಅಂಗಡಿ, ಟೈಲರಿಂಗ್, ಆಟೊ, ಚಿನ್ನದ ಸಾಲಗಳಲ್ಲಿ ಒಂದಷ್ಟು ಬಾರದಿದ್ದರೂ ಉಳಿದವು ಎಳೆದೊಯ್ಯುತ್ತವೆ. ಒಂದು ಲೇಔಟು, ಒಂದು ಕಲ್ಯಾಣ ಮಂಟಪ, ಒಂದು ಕಾಲೇಜು ಕಟ್ಟಡಕ್ಕೆ ಬಂಡವಾಳದ ಬಹುಪಾಲು ಹೋಗಿದ್ದರೆ ಎಳೆಯಲು ಯಾರೂ ಇರುವುದಿಲ್ಲ.

ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಲ್ಲಿ ಮಿತಿಗಳನ್ನು ಬಿಗಿಗೊಳಿಸಿತು. ಒಬ್ಬ ಸಾಲಗಾರನಿಗೆ ಮೂಲ ಬಂಡವಾಳದ ಶೇ 15, ಒಂದೇ ಗುಂಪಿಗೆ ಸೇರಿದವರಿಗೆ ಒಟ್ಟು ಶೇ 25, ಮತ್ತು ಒಟ್ಟು ಸಾಲದಲ್ಲಿ ಅರ್ಧವಾದರೂ ಸಣ್ಣ ಮೊತ್ತದವು ಇರಬೇಕು. ನಮ್ಮ ಕಲ್ಪಿತ ಬ್ಯಾಂಕಿನ 12 ಕೋಟಿಯನ್ನೇ ಮೂಲ ಬಂಡವಾಳ ಎಂದುಕೊಂಡರೆ ಒಬ್ಬರಿಗೆ 1.8 ಕೋಟಿ, ಗುಂಪಿಗೆ 3 ಕೋಟಿ. ಸಾಲಗಾರರ ಹೆಸರು ಕೇಳುವಂತಿಲ್ಲ, ಅದು ಗುಟ್ಟು. ಆದರೆ "ಮೊದಲ ಹತ್ತು ಸಾಲಗಾರರಿಗೆ ಒಟ್ಟು ಎಷ್ಟು ಹೋಗಿದೆ, ರಿಯಲ್ ಎಸ್ಟೇಟಿಗೆ ಎಷ್ಟು?" ಎಂದು ಯಾವ ಸದಸ್ಯನೂ ಕೇಳಬಹುದು. ಇಡೀ ಬ್ಯಾಂಕಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ಕೇಳಬೇಕಾದದ್ದು ಇದನ್ನೇ.

ಕುರ್ಚಿಯಲ್ಲಿ ಕೂತವರು

ಸುಳ್ಳು ಲೆಕ್ಕವನ್ನು ಲೆಕ್ಕದಿಂದಲೇ ಹಿಡಿಯುವುದು ಕಷ್ಟ. ಹಾಗಾಗಿ ಆಡಳಿತ ಮಂಡಳಿಯ ನಡವಳಿಕೆಯನ್ನು ಬೇರೆಯಾಗಿಯೇ ನೋಡಬೇಕು. ಈ ವಿಷಯದಲ್ಲಿ ಕಾನೂನು ಬಹುಕಾಲ ಸಡಿಲವಾಗಿತ್ತು. 1966ರ ಮಾರ್ಚ್ 1ರಿಂದ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಿದ್ದರೂ ಚುನಾವಣೆ, ಆಡಳಿತ ಸಹಕಾರ ಇಲಾಖೆಯ ಕೈಯಲ್ಲಿದ್ದವು, ಬ್ಯಾಂಕಿಂಗ್ ವ್ಯವಹಾರ ರಿಸರ್ವ್ ಬ್ಯಾಂಕಿನ ಕೈಯಲ್ಲಿತ್ತು. ತಪ್ಪಾದಾಗ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುವ ಸ್ಥಿತಿ. 2020ರ ತಿದ್ದುಪಡಿ ರಿಸರ್ವ್ ಬ್ಯಾಂಕಿಗೆ ಮಂಡಳಿ, ಆಡಿಟ್, ವಿಲೀನದ ವಿಷಯದಲ್ಲಿ ಹೆಚ್ಚು ಅಧಿಕಾರ ಕೊಟ್ಟಿತು. 100 ಕೋಟಿ ಮತ್ತು ಹೆಚ್ಚು ಠೇವಣಿಯ ಬ್ಯಾಂಕುಗಳು ಚುನಾಯಿತ ಮಂಡಳಿಯ ಜೊತೆಗೆ ಬ್ಯಾಂಕಿಂಗ್ ಬಲ್ಲವರ ವ್ಯವಸ್ಥಾಪನಾ ಮಂಡಳಿಯನ್ನೂ ಹೊಂದಿರಬೇಕೆಂದಾಯಿತು. 2025ರ ತಿದ್ದುಪಡಿಯಲ್ಲಿ ನಿರ್ದೇಶಕರು ಸತತವಾಗಿ ಕೂರಬಹುದಾದ ಅವಧಿಯ ಮಿತಿ ಎಂಟರಿಂದ ಹತ್ತು ವರ್ಷವಾಯಿತು.

ಓದುಗ ಗಮನಿಸಬೇಕಾದ ಸೂಚನೆಗಳು ಸರಳ. ಮಂಡಳಿಯಲ್ಲಿ ಒಂದೇ ಮನೆತನದ, ಒಂದೇ ವ್ಯವಹಾರದ ಎಷ್ಟು ಜನ? ಪ್ರಧಾನ ವ್ಯವಸ್ಥಾಪಕರು ಮೂರು ವರ್ಷದಲ್ಲಿ ಮೂವರು ಬದಲಾದರೇ? ಇಪ್ಪತ್ತು ವರ್ಷ ಬದಲಾಗದೆ ಇದ್ದಾರೆಯೇ? ಎರಡೂ ಒಳ್ಳೆಯ ಲಕ್ಷಣವಲ್ಲ. ಲೆಕ್ಕಪರಿಶೋಧಕರು ಅವಧಿಗೆ ಮೊದಲೇ ಬಿಟ್ಟು ಹೋದರೇ? ಸರ್ವ ಸದಸ್ಯರ ಸಭೆಯಲ್ಲಿ ಪ್ರಶ್ನೆ ಕೇಳಿದವರಿಗೆ ಮೈಕು ಸಿಗುತ್ತದೆಯೇ, ಅಥವಾ ಊಟದ ಹೊತ್ತಾಯಿತು ಎಂದು 'ಎಲ್ಲ ವಿಷಯಗಳೂ ಸರ್ವಾನುಮತದಿಂದ ಅಂಗೀಕಾರ' ಆಗುತ್ತವೆಯೇ?

ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ದಂಡ ವಿಧಿಸಿದ ಪ್ರಕಟಣೆಗಳು ಸಿಗುತ್ತವೆ. ದಂಡ ಬಿದ್ದ ಮಾತ್ರಕ್ಕೆ ಬ್ಯಾಂಕು ಕೆಟ್ಟದ್ದಲ್ಲ. ಕೆವೈಸಿ ದಾಖಲೆ ತಡವಾಗಿದ್ದಕ್ಕೂ ದಂಡ ಬೀಳುತ್ತದೆ, ನಿರ್ದೇಶಕರಿಗೆ ಅಥವಾ ಅವರ ಬಂಧುಗಳಿಗೆ ಸಾಲ ಕೊಟ್ಟಿದ್ದಕ್ಕೂ ಬೀಳುತ್ತದೆ. ಮೊದಲನೆಯದು ಕಚೇರಿಯ ಅಶಿಸ್ತು. ಎರಡನೆಯದು ಕಂಡರೆ ಅಲ್ಲಿ ಹೊಸ ಠೇವಣಿ ಇಡುವ ವಿಚಾರ ಬಿಡಬೇಕು.

ಬಡ್ಡಿ ದರವೂ ನಡವಳಿಕೆಯ ಒಂದು ಸೂಚನೆ. ದೊಡ್ಡ ಬ್ಯಾಂಕಿಗಿಂತ ಅರ್ಧ, ಮುಕ್ಕಾಲು ಅಂಶ ಹೆಚ್ಚು ಕೊಡುವುದು ಸಣ್ಣ ಬ್ಯಾಂಕಿಗೆ ಅನಿವಾರ್ಯ. ಅದೇ ಊರಿನ ಇತರ ಸಹಕಾರಿ ಬ್ಯಾಂಕುಗಳಿಗಿಂತ ಎರಡು ಅಂಶ ಹೆಚ್ಚು ಕೊಡುತ್ತಿದ್ದರೆ, ಆ ಬಡ್ಡಿ ಗಳಿಸಲು ಅದು ಯಾರಿಗೆ, ಯಾವ ದರದಲ್ಲಿ ಸಾಲ ಕೊಡುತ್ತಿದೆ ಎಂಬುದನ್ನು ಯೋಚಿಸಬೇಕು. ಒಳ್ಳೆಯ ಸಾಲಗಾರ ಅಗ್ಗದ ಸಾಲ ಸಿಗುವ ಕಡೆ ಹೋಗುತ್ತಾನೆ. ದುಬಾರಿ ಬಡ್ಡಿಗೆ ಒಪ್ಪುವವನು ಬೇರೆಲ್ಲೂ ಸಾಲ ಸಿಗದವನು.

ವಿಮೆಯ ಐದು ಲಕ್ಷ

ಎಲ್ಲ ನೋಡಿದ ಮೇಲೂ ಮೋಸ ಹೋಗಬಹುದು. ಹಾಗಾದಾಗ ಉಳಿಯುವುದು ಠೇವಣಿ ವಿಮೆ. 1960ರಲ್ಲಿ ಪಾಲೈ ಸೆಂಟ್ರಲ್ ಬ್ಯಾಂಕು ಮತ್ತು ಲಕ್ಷ್ಮಿ ಬ್ಯಾಂಕು ಕುಸಿದ ನಂತರ, 1962ರಲ್ಲಿ, 1,500 ರೂಪಾಯಿಯ ಮಿತಿಯೊಂದಿಗೆ ಇದು ಶುರುವಾಯಿತು. 1993ರಲ್ಲಿ ಒಂದು ಲಕ್ಷ ಆಗಿ, 27 ವರ್ಷ ಅಲ್ಲೇ ನಿಂತು, 2020ರ ಫೆಬ್ರವರಿ 4ರಿಂದ ಐದು ಲಕ್ಷವಾಯಿತು.

ಆ ಏರಿಕೆಯ ಹೊತ್ತಿಗೆ ಬೆಂಗಳೂರು ಒಂದು ಪೆಟ್ಟು ತಿಂದಿತ್ತು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಹಣ ತೆಗೆಯುವ ಮಿತಿಯನ್ನು 35 ಸಾವಿರಕ್ಕೆ ಇಳಿಸಿತು. ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಹಿರಿಯರು ಬ್ಯಾಂಕಿನ ಮುಂದೆ ಸಾಲುಗಟ್ಟಿದರು. ವಿಮೆಯ ಹಣವೂ ಆಗ ಕೂಡಲೇ ಸಿಗುವಂತಿರಲಿಲ್ಲ. ಬ್ಯಾಂಕಿನ ಪರವಾನಗಿ ರದ್ದಾಗಿ ಸಮಾಪನೆ ಶುರುವಾಗುವವರೆಗೆ ಕಾಯಬೇಕಿತ್ತು. 2021ರ ತಿದ್ದುಪಡಿ ಇದನ್ನು ಬದಲಿಸಿತು. ಈಗ ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಮೊತ್ತ ಕೈಸೇರಬೇಕು.

ವಿಮೆಯ ಸೂಕ್ಷ್ಮಗಳನ್ನು ತಪ್ಪು ತಿಳಿಯುವವರೇ ಹೆಚ್ಚು. ಮಿತಿ ಖಾತೆಗಲ್ಲ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಮೂರು ಠೇವಣಿ ಇಟ್ಟರೂ ಎಲ್ಲ ಕೂಡಿ ಐದೇ ಲಕ್ಷ. ಉಳಿತಾಯ ಖಾತೆ, ಪಿಗ್ಮಿ, ಆರ್‌ಡಿ, ಎಫ್‌ಡಿ ಎಲ್ಲ ಒಂದೇ ಲೆಕ್ಕಕ್ಕೆ ಸೇರುತ್ತವೆ. ಅಸಲು ಬಡ್ಡಿ ಸೇರಿಯೇ ಐದು ಲಕ್ಷ. ಸರಿಯಾಗಿ ಐದು ಲಕ್ಷ ಇಟ್ಟವರ ಬಡ್ಡಿಗೆ ರಕ್ಷಣೆಯಿಲ್ಲ. ಗಂಡ ಹೆಂಡತಿಯ ಜಂಟಿ ಖಾತೆ ಅವರ ಒಂಟಿ ಖಾತೆಗಳಿಂದ ಬೇರೆ ಲೆಕ್ಕ. ಅದೇ ಬ್ಯಾಂಕಿನಲ್ಲಿ ಸಾಲವಿದ್ದರೆ ಅದನ್ನು ಕಳೆದು ಉಳಿದದ್ದು ಸಿಗುತ್ತದೆ. ಷೇರಿನ ಹಣಕ್ಕೆ ವಿಮೆಯೇ ಇಲ್ಲ. ಡಿವಿಡೆಂಡ್ ಆಸೆಗೆ ಹೆಚ್ಚು ಷೇರು ಕೊಳ್ಳುವವರು ಇದನ್ನು ನೆನಪಿಡಬೇಕು.

ದೊಡ್ಡದೆಲ್ಲ ಭದ್ರವೇ?

ಇಷ್ಟೆಲ್ಲ ಓದಿದ ಮೇಲೆ "ಸಹವಾಸವೇ ಬೇಡ, ದೊಡ್ಡ ಬ್ಯಾಂಕೇ ಸಾಕು" ಅನ್ನಿಸುವುದು ಸಹಜ. ಅಂಕಿಗಳೂ ಹಾಗೇ ಹೇಳುವಂತಿವೆ. 2004ರಲ್ಲಿ ದೇಶದಲ್ಲಿ 1,926 ಪಟ್ಟಣ ಸಹಕಾರಿ ಬ್ಯಾಂಕುಗಳಿದ್ದವು, ಈಗ 1,500ಕ್ಕಿಂತ ಕಡಿಮೆ. ಕರ್ನಾಟಕದಲ್ಲೇ 2022ರಲ್ಲಿ ವಿಜಯಪುರದ ಡೆಕ್ಕನ್ ಅರ್ಬನ್, 2023ರಲ್ಲಿ ಬೆಂಗಳೂರಿನ ಶುಶ್ರುತಿ ಸೌಹಾರ್ದ, ತುಮಕೂರಿನ ಶ್ರೀ ಶಾರದಾ ಮಹಿಳಾ ಸಹಕಾರಿ ಬ್ಯಾಂಕುಗಳ ಪರವಾನಗಿ ರದ್ದಾಯಿತು.

ಆದರೆ ಎಲ್ಲ ಕಡಿತವೂ ಕುಸಿತವಲ್ಲ. ಬೆಂಗಳೂರಿನ ನ್ಯಾಷನಲ್ ಸಹಕಾರಿ ಬ್ಯಾಂಕು 2025ರ ಜನವರಿಯಲ್ಲಿ ಪುಣೆಯ ಕಾಸ್ಮಾಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮುಂಬೈಯ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ತಿಜೋರಿಯಿಂದ 122 ಕೋಟಿ ನಗದು ಕಾಣೆಯಾದ ಪ್ರಕರಣ 2025ರ ಫೆಬ್ರವರಿಯಲ್ಲಿ ಬಯಲಾಯಿತು, ಆಗಸ್ಟ್‌ನಲ್ಲಿ ಆ ಬ್ಯಾಂಕು ಸಾರಸ್ವತ ಬ್ಯಾಂಕಿಗೆ ಸೇರಿತು. ಗಾತ್ರವೂ ರಕ್ಷೆಯಲ್ಲ: 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಗ್ರಾಹಕರಿಗೆ 50 ಸಾವಿರದ, ನವೆಂಬರ್‌ನಲ್ಲಿ ಲಕ್ಷ್ಮಿ ವಿಲಾಸ್ ಬ್ಯಾಂಕಿನವರಿಗೆ 25 ಸಾವಿರದ ಮಿತಿ ಬಿತ್ತು. ವ್ಯತ್ಯಾಸ ಇದ್ದದ್ದು ಪರಿಹಾರದ ವೇಗದಲ್ಲಿ. ಆ ಎರಡೂ ನಿರ್ಬಂಧ ಎರಡು ವಾರದೊಳಗೆ ತೆರವಾದವು. ಪಂಜಾಬ್ ಮತ್ತು ಮಹಾರಾಷ್ಟ್ರ ಬ್ಯಾಂಕಿನವರು 2022ರ ಜನವರಿಯಲ್ಲಿ ಯೂನಿಟಿ ಸಣ್ಣ ಹಣಕಾಸು ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ ಕಾದರು, ದೊಡ್ಡ ಮೊತ್ತದವರ ಬಾಕಿ ಹತ್ತು ವರ್ಷದವರೆಗಿನ ಕಂತುಗಳಿಗೆ ಹೋಯಿತು. ದೊಡ್ಡ ಬ್ಯಾಂಕು ಎಡವಿದರೆ ಎತ್ತಲು ದೆಹಲಿ, ಮುಂಬೈ ಓಡಿಬರುತ್ತವೆ. ಸಣ್ಣದು ಎಡವಿದರೆ ಠೇವಣಿದಾರನೇ ಕಾಯಬೇಕು. ಸಣ್ಣ ಬ್ಯಾಂಕಿನ ನಿಜವಾದ ಹೆಚ್ಚುವರಿ ಅಪಾಯ ಇದೇ.

ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಆದಾಯದ ದಾಖಲೆ ತೋರಿಸಲಾಗದ ಬೇಕರಿಯವನಿಗೆ, ಮನೆಯಲ್ಲಿ ಹಪ್ಪಳ ಮಾಡಿ ಮಾರುವವಳಿಗೆ, ನೇಕಾರನಿಗೆ ಅವರ ಮುಖ ನೋಡಿ, ದಿನದ ಪಿಗ್ಮಿ ನೋಡಿ ಸಾಲ ಕೊಡುವುದು ಊರ ಬ್ಯಾಂಕೇ. ದಿನವೂ ಬಾಗಿಲಿಗೆ ಬಂದು ಎರಡಾಣೆ ಸಂಗ್ರಹಿಸುವ ಪಿಗ್ಮಿ ಪದ್ಧತಿ 1928ರಲ್ಲಿ ಶುರುವಾದದ್ದು ಉಡುಪಿಯಲ್ಲಿ, ಟಿ.ಎಂ.ಎ. ಪೈಯವರು ಕಟ್ಟಿದ, ಆಗಿನ್ನೂ ಮೂರು ವರ್ಷದ ಕೂಸಾಗಿದ್ದ ಸಣ್ಣ ಬ್ಯಾಂಕಿನಲ್ಲಿ. ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದದ್ದು ಅದೇ. ಹಣವಂತರೆಲ್ಲ ಊರ ಬ್ಯಾಂಕಿನಿಂದ ಠೇವಣಿ ಕಿತ್ತರೆ ಮೊದಲು ಸೊರಗುವವರು ಈ ಸಾಲಗಾರರೇ.

ತೀರ್ಮಾನ ಹೇಗೆ

ಹಾಗಾದರೆ ಮಾಡಬೇಕಾದದ್ದೇನು? ಪರವಾನಗಿ ಮತ್ತು ವಿಮೆ ಇಲ್ಲದ ಕಡೆ ಕಳೆದುಕೊಂಡರೂ ತಡೆದುಕೊಳ್ಳಬಲ್ಲಷ್ಟು ಹಣ ಮಾತ್ರ. ಪರವಾನಗಿ ಇದ್ದು, ಮೂರು ವರ್ಷದ ವರದಿ ಓದಲು ಪುರುಸೊತ್ತಿಲ್ಲದವರು ಬಡ್ಡಿ ಸೇರಿ ಐದು ಲಕ್ಷ ದಾಟದಂತೆ, ಅಂದರೆ ಮೂರು ವರ್ಷದ ಎಫ್‌ಡಿಯಾದರೆ ನಾಲ್ಕು ಲಕ್ಷದ ಆಸುಪಾಸಿನಲ್ಲಿ, ನಿಲ್ಲಿಸಿಕೊಳ್ಳಲಿ. ತುರ್ತಿಗೆ ಬೇಕಾಗುವ ಹಣವನ್ನು ಅಲ್ಲಿಡದಿರಲಿ, ಏಕೆಂದರೆ ವಿಮೆಯ ಹಣಕ್ಕೂ ತೊಂಬತ್ತು ದಿನ ಬೇಕು. ಐದು ಲಕ್ಷ ದಾಟಿ ಇಡುವವರು ಬಂಡವಾಳ, ನಿವ್ವಳ ಎನ್‌ಪಿಎ, ಎತ್ತಿಟ್ಟ ಹಣ, ಮೊದಲ ಹತ್ತು ಸಾಲಗಾರರ ಪಾಲು, ಮಂಡಳಿಯ ನಡವಳಿಕೆ ಇಷ್ಟನ್ನೂ ನೋಡಿಯೇ ಇಡಲಿ. ಇವುಗಳಲ್ಲಿ ಒಂದು ಸೋತರೆ ವಿವರಣೆ ಕೇಳಬಹುದು. ಎರಡು ಸೋತರೆ ಅವಧಿ ಮುಗಿದ ಠೇವಣಿಯನ್ನು ನವೀಕರಿಸಬಾರದು.

ಪ್ರಶ್ನೆ ಕೇಳಿದರೆ ಬ್ಯಾಂಕಿನ ಹೆಸರು ಕೆಡುತ್ತದೆ, ಜನ ಗಾಬರಿಯಾಗುತ್ತಾರೆ ಎಂದು ನಿರ್ದೇಶಕರು ಹೇಳುವುದುಂಟು. ಗಾಳಿಮಾತಿನಿಂದ ಒಳ್ಳೆಯ ಬ್ಯಾಂಕಿಗೂ ಪೆಟ್ಟು ಬೀಳುತ್ತದೆ, ನಿಜ. ಆದರೆ ಗಾಳಿಮಾತು ಹುಟ್ಟುವುದು ಲೆಕ್ಕ ಗೊತ್ತಿಲ್ಲದ ಕಡೆ. ಸಹಕಾರಿ ಬ್ಯಾಂಕಿನಲ್ಲಿ ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ. ನೂರು ರೂಪಾಯಿ ಷೇರಿನವನಿಗೂ ಅಧ್ಯಕ್ಷರಿಗೂ ಸಭೆಯಲ್ಲಿ ಸಮಾನ ಹಕ್ಕು. ದೊಡ್ಡ ಬ್ಯಾಂಕಿನ ಗ್ರಾಹಕನಿಗೆ ಇಲ್ಲದ ಈ ಹಕ್ಕನ್ನು ಬಳಸುವ ಹತ್ತು ಸದಸ್ಯರಿದ್ದರೂ ಮಂಡಳಿ ಎಚ್ಚರವಾಗಿರುತ್ತದೆ. ಹಿಂದೆ ಮಿತಿಯಿಲ್ಲದ ಹೊಣೆಯ ಭಯ ಮಾಡಿಸುತ್ತಿದ್ದ ಕಾವಲನ್ನು ಇನ್ನು ಆ ಹತ್ತು ಜನರ ಪ್ರಶ್ನೆಗಳೇ ಮಾಡಬೇಕು. ಅವರಿಗೆ ಅಂಕಿಗಳ ಸಮೇತ ಲಿಖಿತ ಉತ್ತರ ಕೊಡುವ ಬ್ಯಾಂಕಿನಲ್ಲಿ ಅರ್ಧ ಅಂಶ ಕಡಿಮೆ ಬಡ್ಡಿಗೂ ಹಣ ಇಡಬಹುದು.